ನಲವತ್ತಮೂರು ಹಲ್ಲು, ಎಂಟು ಹಲ್ಲು

ಮೇಸ್ತ್ರಿ ಕಾಕಾ ಜೀಪಿನ ಹಿಂದಿನ ಆಕ್ಸಲ್‌ನ ಮುಚ್ಚಳ ಬಿಚ್ಚಿ, ಕಪ್ಪಾದ ಆಯಿಲನ್ನು ಡಬ್ಬಿಗಿಳಿಸಿ, ಹಲ್ಲು ಎಣಿಸಲು ನನಗೇ ಹೇಳಿದರು. ಕ್ರೌನಿಗೆ 43, ಪಿನಿಯನ್ನಿಗೆ 8. ಅಂದರೆ ಪ್ರೊಪೆಲರ್ ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು.

ಹಳೆಯ ಪೆಟ್ರೋಲ್ ಎಂಜಿನ್ ತೆಗೆದು ಟರ್ಬೊ ಡೀಸೆಲ್ ಕೂಡಿಸಿದ್ದೆವು. ಬಲ ಹೆಚ್ಚಿತ್ತು, ಆದರೆ ಆ ಎಂಜಿನ್ 3,000 ಸುತ್ತಿಗೇ ಏದುಸಿರು ಬಿಡುತ್ತಿತ್ತು. ಆ ಲೆಕ್ಕದಲ್ಲಿ ಟಾಪ್ ಗೇರಿನಲ್ಲಿ ಗಾಡಿ ಓಡುವುದು ಗಂಟೆಗೆ 75 ಕಿಲೋಮೀಟರ್. 4.27ರ ಜೋಡಿ ಹಾಕಿದರೆ ಅದೇ ಸುತ್ತಿಗೆ 95. ಆದರೆ ಆಗ ಪ್ರತಿ ಗೇರಿನಲ್ಲೂ ಎಳೆಯುವ ಬಲ ಐದರಲ್ಲಿ ಒಂದು ಪಾಲು ಹೋಗುತ್ತದೆ. ಗೇರ್‌ಬಾಕ್ಸಿನಲ್ಲಿ ನಾವು ಗಳಿಗೆಗೊಮ್ಮೆ ಮನಸ್ಸು ಬದಲಿಸಬಹುದು. ಆಕ್ಸಲ್ ಹಾಗಲ್ಲ. ಒಮ್ಮೆ ಆರಿಸಿ ಮುಚ್ಚಳ ಬಿಗಿದರೆ, ಮುಂದೆ ಹಾಕುವ ಎಲ್ಲ ಗೇರನ್ನೂ ಅದು ಗುಣಿಸುತ್ತಲೇ ಇರುತ್ತದೆ. ಮನುಷ್ಯರ ಸ್ವಭಾವವೂ ಹೀಗೆಯೇ ಎಂದು ಆಗ ಅನ್ನಿಸಿತ್ತು. ಸ್ವಭಾವವನ್ನು ಯಾರೂ ಹಲ್ಲು ಎಣಿಸಿ ಆರಿಸುವುದಿಲ್ಲ, ಆದ್ದರಿಂದ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.

"ಎಷ್ಟ್ ಜೋರ್ ಓಡಬೇಕು ಅಂತ ಆಮ್ಯಾಲ ನೋಡೂಣು. ಎಲ್ಲಿ ಓಡಸ್ತಿ, ಅದನ್ನ ಹೇಳು ತಮ್ಮಾ" ಎಂದರು ಕಾಕಾ.

ನಮ್ಮ ಹೊಲ ತಿಂಥಣಿಯಲ್ಲಿ, ಕೃಷ್ಣೆಯ ಮಗ್ಗುಲಿಗೆ. ಎರೆ ನೆಲ. ಮಳೆ ಬಿದ್ದರೆ ಚಕ್ರಕ್ಕೆ ಮಣ್ಣು ರೊಟ್ಟಿಯ ಹಾಗೆ ಮೆತ್ತಿಕೊಳ್ಳುತ್ತದೆ. ಹತ್ತಿ ಹೇರಿಕೊಂಡು ಅದರಿಂದ ಮೇಲೆ ಬರಲು 5.38 ಬೇಕು. ನನಗೋ ಸುರಪುರ, ಶಹಾಪುರ ದಾಟಿ ಕಲಬುರಗಿವರೆಗಿನ ರಸ್ತೆಯ ಆಸೆ. ಕೊನೆಗೆ ಹಳೆಯದನ್ನೇ ಉಳಿಸಿದೆ. "ಹೊಲಕ್ಕ ಇದ ಛಲೋ ಅಪ್ಪಾ" ಅಂದಾಗ ಅಪ್ಪನ ಮುಖದಲ್ಲಿ ಹಿಗ್ಗಿತ್ತು. ಮೌನೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿದರು. ಅವನು ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಶರಣ, ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವವನು. ಕಬ್ಬಿಣದ ಕೆಲಸಕ್ಕೆ ಅವನಿಗಿಂತ ಹತ್ತಿರದ ದೇವರು ನಮ್ಮಲ್ಲಿಲ್ಲ.

ಎರಡು ವರ್ಷದ ಮೇಲೆ ಒಂದು ರಾತ್ರಿ ಅವ್ವನ ಬಾಯಿ ಸೊಟ್ಟಾಯಿತು, ಎಡಗೈ ಜೋತುಬಿತ್ತು. ಕಾಯುವ ಧೈರ್ಯ ಬರಲಿಲ್ಲ, ಜೀಪಿನಲ್ಲೇ ಹೊರಟೆವು. ಶಹಾಪುರ ದಾಟಿದ ಮೇಲೆ ರಸ್ತೆ ಖಾಲಿ. ಎಂಜಿನ್ ಚೀರುತ್ತಿತ್ತು, ಮುಳ್ಳು 75ರ ಮೇಲೆ ಏಳಲಿಲ್ಲ. ಅವ್ವ ಬದುಕಿದಳು. ಆ ಕೈ ಮಾತ್ರ ಇನ್ನೂ ರೊಟ್ಟಿ ಬಡಿಯುವುದಿಲ್ಲ. ಮೆದುಳಿಗೆ ರಕ್ತ ನಿಂತಾಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನೂರು ಕಿಲೋಮೀಟರಿಗೆ 75ರಲ್ಲಿ 80 ನಿಮಿಷ, 95ರಲ್ಲಿ 63. ಹದಿನೇಳು ನಿಮಿಷ. ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳ ಆ ರಸ್ತೆಯಲ್ಲಿ 95 ಹೊಡೆಯುತ್ತಿದ್ದೆನೇ ಎಂಬುದು ಬೇರೆ ಮಾತು.

ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಂದು ಪ್ರಬಂಧ ಬರೆದ. ಚಿತ್ರ ಬರೆಯಲೆಂದು ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ದ್ವೀಪಕ್ಕೆ ಹೋದ ಗೋಗ್ಯಾನ್‌ನ ನಿರ್ಧಾರ ಸರಿಯೋ ತಪ್ಪೋ ಎಂಬುದು, ಆ ಚಿತ್ರಗಳು ಗೆದ್ದವೋ ಇಲ್ಲವೋ ಎಂಬುದರ ಮೇಲೆ ನಿಲ್ಲಬಹುದೇ? ಆರಿಸುವಾಗ ಗೊತ್ತಿರದ ಫಲಕ್ಕೆ ಆರಿಸಿದವನು ಎಷ್ಟು ಹೊಣೆ? ಇದನ್ನು ಓದಿದಾಗ ನನಗೆ ಸಮಾಧಾನವಾಗಿತ್ತು. ಹೊಲ ನೋಡಿ ಆರಿಸಿದೆ, ರೋಗ ಬಂದದ್ದು ದೈವ.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಯಾಕೆಂದರೆ ನಾನು ಹೊಲ ನೋಡಿ ಆರಿಸಿರಲಿಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನದನ್ನಷ್ಟೇ ಬದಲಿಸುವಂತಿಲ್ಲ. ಮುಂದಿನ ಆಕ್ಸಲ್ಲಿಗೂ ಅದೇ ಲೆಕ್ಕದ ಜೋಡಿ ಬೇಕು, ಇಲ್ಲದಿದ್ದರೆ ಎರಡೂ ಒಂದನ್ನೊಂದು ಜಗ್ಗಿ ಏನಾದರೂ ಮುರಿಯುತ್ತದೆ. ಖರ್ಚು ಎರಡು ಪಟ್ಟು. ಕಾಕಾ ಈ ಮಾತು ಹೇಳಿದ ಕೂಡಲೇ ನಾನು ಹಿಂದೆ ಸರಿದಿದ್ದೆ. ಹೊಲದ ಮಾತು ಮನೆಗೆ ಬರುವ ದಾರಿಯಲ್ಲಿ ಹೊಳೆದದ್ದು. ದುಡ್ಡು ಉಳಿಸುವುದು ಪಾಪವಲ್ಲ. ಅದನ್ನು ತ್ಯಾಗವೆಂದು ಅಪ್ಪನ ಮುಂದಿಟ್ಟು ಹೊಗಳಿಕೆ ತೆಗೆದುಕೊಂಡೆನಲ್ಲ, ಅದಕ್ಕೆ ಏನನ್ನಬೇಕು? ನಿಜ ಕಾರಣ ಹೇಳಿದ್ದರೂ ಆಕ್ಸಲ್ ಅದೇ ಇರುತ್ತಿತ್ತು, ರಾತ್ರಿ ಅದೇ, ಹದಿನೇಳು ನಿಮಿಷವೂ ಅವೇ. ಆದರೂ ನನ್ನನ್ನು ಚುಚ್ಚುವುದು ನಿಮಿಷಗಳಿಗಿಂತ ಹೆಚ್ಚಾಗಿ ಆ ಮಾತು.

ಮೊನ್ನೆ ಮಳೆಯಲ್ಲಿ ಜೀಪು ಹೊಲದಿಂದ ಹತ್ತಿ ಹೊತ್ತು ಸಲೀಸಾಗಿ ಮೇಲೆ ಬಂತು. ಅಪ್ಪ ಬಾನೆಟ್ ತಟ್ಟಿ, "ಅವತ್ತ ನೀ ಶಾಣ್ಯಾತನ ಮಾಡಿದಿ ನೋಡು" ಎಂದರು. ಅವ್ವ ಕಟ್ಟೆಯ ಮೇಲೆ ಕೂತು ಬಲಗೈಯಿಂದ ಎಡಗೈ ನೀವಿಕೊಳ್ಳುತ್ತಿದ್ದಳು. ನಾನು ಹೂಂ ಅಂದೆ.