ಚಿರಂಜೀವಿಗೊಂದು ಕೊನೆ

ನಮ್ಮ ಪುರಾಣದಲ್ಲಿ ಅಶ್ವತ್ಥಾಮನಿಗೆ ಸಾವಿಲ್ಲ. ನೆತ್ತಿಯ ಮಣಿ ಕಳೆದುಕೊಂಡು, ಮಾಯದ ಗಾಯ ಹೊತ್ತು ಕಾಡುಮೇಡು ಅಲೆಯುವುದೇ ಅವನ ಪಾಡು. ಆ ಅಲೆದಾಟಕ್ಕೆ ಕೊನೆ ಕಾಣಿಸಿದವರು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರ ಜನವರಿ 3ರಂದು ಹುಟ್ಟಿದ, ‘ಶ್ರೀ’ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು. ಗ್ರೀಕ್ ಕವಿ ಸೋಫೋಕ್ಲಿಸ್ ಬರೆದ ಏಜಾಕ್ಸನ ದುರಂತವನ್ನು ಕುರುಕ್ಷೇತ್ರಕ್ಕೆ ತಂದು ಅವರು ಬರೆದ ‘ಅಶ್ವತ್ಥಾಮನ್’ ನಾಟಕದಲ್ಲಿ ಚಿರಂಜೀವಿಯೂ ಸಾಯುತ್ತಾನೆ. ಪುರಾಣಕ್ಕೆ ಇದು ಒಪ್ಪದ ಮಾತು. ನನಗೆ ಮಾತ್ರ ಇದರಲ್ಲಿ ದೊಡ್ಡ ಕರುಣೆ ಕಾಣುತ್ತದೆ. ಮುಗಿಯದ ಬಾಳಿಗೆ ಅಳುವವರು ಯಾರು? ಕೊನೆಯಿದ್ದರೆ ತಾನೇ ಹೆಂಡತಿ ಮಕ್ಕಳ ಕಣ್ಣೀರಿಗೆ ಅರ್ಥ.

ಶ್ರೀಯವರ ಮೂರು ನಾಟಕಗಳೂ ಸೋತವರ ಪಕ್ಕದಲ್ಲಿ ನಿಂತಿವೆ. ರನ್ನನ ಕಾವ್ಯದಿಂದ ಎತ್ತಿದ ‘ಗದಾಯುದ್ಧ ನಾಟಕಂ’ನಲ್ಲಿ ತೊಡೆ ಮುರಿದ ದುರ್ಯೋಧನ, ‘ಪಾರಸಿಕರು’ ನಾಟಕದಲ್ಲಿ ಸೇನೆಯನ್ನೆಲ್ಲ ಕಳೆದುಕೊಂಡ ಪರ್ಷಿಯದ ಅರಮನೆ. ಅದರ ಮೂಲವನ್ನು ಬರೆದ ಈಸ್ಕಿಲಸ್ ಆ ಪರ್ಷಿಯನ್ನರ ವಿರುದ್ಧವೇ ಕಾದಾಡಿದ್ದವನು. ಗೆದ್ದ ಊರಿನ ರಂಗದ ಮೇಲೆ ಶತ್ರುವಿನ ತಾಯಿಯ ದುಃಖವನ್ನು ತಂದು ನಿಲ್ಲಿಸಿದ. ಅದನ್ನು ಕನ್ನಡಕ್ಕೆ ಆರಿಸಿಕೊಂಡ ಮನಸ್ಸು ಎಂಥದಿರಬೇಕು!

ಶ್ರೀಯವರು ಹುಟ್ಟಿದ ವರ್ಷವೇ ಅದೇ ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಕಣ್ಣುಬಿಟ್ಟಿತು. ಮುಂದೆ ವೀರಣ್ಣನವರ ಕಾಲದಲ್ಲಿ ಆ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಬೆಳಗಾದರೆ ಆ ವೈಭವವೆಲ್ಲ ನೋಡಿದವರ ಕಣ್ಣಲ್ಲಿ ಮಾತ್ರ. ಆಡಿದ ನಾಟಕ ಎಳನೀರು, ಕೆತ್ತಿದಲ್ಲೇ ಕುಡಿಯಬೇಕು. ಅಚ್ಚಾದ ನಾಟಕವೋ ಅಟ್ಟದ ಮೇಲಿನ ಉಂಡೆ ಕೊಬ್ಬರಿ. ಒಳಗಿನ ನೀರು ಇಂಗಿದ ಮೇಲೇ ಅದು ಹದವಾಗುವುದು.

ಇವೆರಡರ ನಡುವೆ ಕಾಗದಗಳಿವೆ. ನಾಟಕ ಆಡಿಸಲು ಹೊರಟವರು, ಪುಸ್ತಕ ಓದುವ ಕೂಟ ಕಟ್ಟಿದವರು ಒಬ್ಬರಿಗೊಬ್ಬರು ಬರೆದದ್ದನ್ನು ಓದಿದರೆ ಎದೆ ಭಾರವಾಗುತ್ತದೆ. ಅವುಗಳಲ್ಲಿ ಇರುವುದೆಲ್ಲ ನಾಳೆಯ ಮಾತು: ಹಬ್ಬ ಕಳೆದ ಮೇಲೆ ಅಭ್ಯಾಸ ಶುರುಮಾಡೋಣ, ಬರುವಾಗ ಆ ಪುಸ್ತಕ ತನ್ನಿ, ಭೀಮನ ಪಾತ್ರಕ್ಕೆ ಒಬ್ಬರು ಸಿಕ್ಕಿದ್ದಾರೆ. ಆ ಹಬ್ಬ ಕಳೆದು ಎಷ್ಟೋ ಕಾಲವಾಯಿತು. ಬರೆದ ಕೈಗೆ ಅದರ ಸುಳಿವೇ ಇಲ್ಲ. ತಾನು ಉಳಿಯಬೇಕೆಂದು ಬರೆದ ಆತ್ಮಕಥೆಗಿಂತ, ಕೆಲಸ ಸಾಗಲಿ ಎಂದು ಗೀಚಿದ ಕಾರ್ಡಿನಲ್ಲೇ ಮನುಷ್ಯ ಹೆಚ್ಚು ಜೀವಂತ ಎನ್ನಿಸುತ್ತದೆ.

ಓದುವ ಕೂಟ ಶ್ರೀಯವರ ಹುಟ್ಟೂರಿಗೂ ಹೊಸದಲ್ಲ. ಸಂಪಿಗೆಯನ್ನು ಸುಧನ್ವನ ಚಂಪಕಪುರಿ ಎನ್ನುತ್ತಾರೆ. ಆ ಸುಧನ್ವನ ಕಥೆಯನ್ನು ಹಳ್ಳಿಗಳು ಜೈಮಿನಿ ಭಾರತದ ವಾಚನದಲ್ಲಿ ಕೇಳುತ್ತ ಬಂದವು. ಒಬ್ಬರು ಹಾಡಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರೂ ಕೂತು ತಲೆದೂಗುವುದು. ಪುಸ್ತಕದ ಕೂಟವೆಂದರೆ ನಮ್ಮಲ್ಲಿ ಅದೇ. ಶ್ರೀಯವರ ದುಡಿಮೆಯೂ ಬಹುಪಾಲು ಇಂಥ ಕರಗಿಹೋಗುವ ಕೆಲಸಗಳಲ್ಲೇ ಸವೆಯಿತು: ಪಾಠ, ಊರೂರಿನ ಭಾಷಣ, ಪರಿಷತ್ತಿನ ಓಡಾಟ. ಕನ್ನಡ ತಲೆಯೆತ್ತುವ ಬಗೆಯನ್ನು 1911ರಲ್ಲಿ ಧಾರವಾಡದಲ್ಲಿ ಹೇಳಿದವರು, 1946ರ ಜನವರಿ 5ರಂದು ಅದೇ ಧಾರವಾಡದಲ್ಲಿ ತೀರಿಕೊಂಡರು. 62 ತುಂಬಿ ಎರಡೇ ದಿನವಾಗಿತ್ತು.

‘ಅಶ್ವತ್ಥಾಮನ್’ ಹಳಗನ್ನಡದಲ್ಲಿದೆ, ಒಬ್ಬರೇ ಕೂತು ಕಣ್ಣಾಡಿಸಿದರೆ ಒಲಿಯುವುದಿಲ್ಲ. ತುರುವೇಕೆರೆಯಲ್ಲೋ ತಿಪಟೂರಿನಲ್ಲೋ ನಾಲ್ಕು ಜನ ಸೇರಿ ಪಾತ್ರ ಹಂಚಿಕೊಂಡು ಒಂದು ಸಂಜೆ ಅದನ್ನು ಗಟ್ಟಿಯಾಗಿ ಓದಬೇಕು. ರಂಗಸಜ್ಜು ಬೇಡ, ರೆಕಾರ್ಡಿಂಗೂ ಬೇಡ. ಕೂಟಕ್ಕೆ ಕರೆಯುವಾಗ ಮಾತ್ರ ಫೋನು ಬಿಟ್ಟು ಒಂದು ಕಾಗದ ಬರೆಯಿರಿ.