ಹಿಟ್ಟಿನ ಕೋಳಿ, ಪರದೆಯ ಅಳಿಲು

ಮೇಜಿನ ಆಚೆ ಕತ್ತಲು, ಕತ್ತಲೊಳಗೆ ಎರಡು ಕಣ್ಣು. ಈಚೆ ಕೂತ ಆಟಗಾರನ ಕೈಯಲ್ಲಿ ನಾಲ್ಕೈದು ಎಲೆ. ತೋಳದ ಎಲೆ ಇಳಿಸಬೇಕೆಂದರೆ ಎರಡು ಹನಿ ರಕ್ತ ತೆರಬೇಕು. ಅದಕ್ಕೆಂದೇ ಪಕ್ಕದಲ್ಲಿ ಅಳಿಲುಗಳ ಬೇರೆಯೇ ಕಟ್ಟು ಇಟ್ಟಿದ್ದಾರೆ. ಅಳಿಲಿನ ದಾಳಿ ಸೊನ್ನೆ, ಆಯಸ್ಸು ಒಂದು. ಎರಡು ಅಳಿಲುಗಳನ್ನು ಹಾಸಿ, ಎರಡನ್ನೂ ಬಲಿ ಕೊಟ್ಟರೆ ತೋಳ ಕಣಕ್ಕಿಳಿಯುತ್ತದೆ. ಡೇನಿಯಲ್ ಮಲ್ಲಿನ್ಸ್ 2021ರಲ್ಲಿ ಹೊರತಂದ ‘ಇನ್‌ಸ್ಕ್ರಿಪ್ಷನ್’ ಎಂಬ ಆಟದ ಮೊದಲ ಪಾಠ ಇದು. ಬೆನ್ನ ಮೇಲೆ ರಾಮ ಸವರಿದ ಮೂರು ಗೆರೆ ಹೊತ್ತ ಪ್ರಾಣಿಯನ್ನು ಬಲ್ಲ ಕನ್ನಡದ ಹುಡುಗನೊಬ್ಬ ಇದನ್ನಾಡಿದರೆ ‘ಅಳಿಲು ಸೇವೆ’ ಎಂಬ ಮಾತಿಗೆ ಬೇರೆಯೇ ಅರ್ಥ ಹೊಳೆದೀತು.

ಆರನೆಯದೋ ಏಳನೆಯದೋ ಅಳಿಲಿನ ಹೊತ್ತಿಗೆ ಕೈ ಪಳಗಿರುತ್ತದೆ. ಆಗ ಇನ್ನೊಂದು ಎಲೆ ಬಾಯಿ ಬಿಡುತ್ತದೆ. ನೋಡಲು ನಮ್ಮ ಮುಂಗುಸಿಯನ್ನು ಹೋಲುವ ಸ್ಟೋಟ್ ಅದು. ತನ್ನನ್ನೇ ಬಲಿಗಿಟ್ಟರೆ ಗೊಣಗುತ್ತದೆ. ಅಲ್ಲಿಯವರೆಗೆ ಬರೀ ಲೆಕ್ಕವಾಗಿದ್ದ ಕೊಲೆ ಅಲ್ಲಿಂದಾಚೆಗೆ ಬರೀ ಲೆಕ್ಕವಾಗಿ ಉಳಿಯುವುದಿಲ್ಲ.

ಈ ಆಟ ರೋಗ್‌ಲೈಕ್ ಎಂಬ ಮನೆತನದ್ದು. ಮೂಲಪುರುಷ 1980ರ ‘ರೋಗ್’. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಅದನ್ನು ಕಟ್ಟತೊಡಗಿದರು. ಅದರಲ್ಲಿ ಚಿತ್ರಗಳಿರಲಿಲ್ಲ. ಇಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯೇ ನಾಯಕ, ಇಂಗ್ಲಿಷಿನ 26 ಅಕ್ಷರಗಳೇ ಬಾವಲಿ, ಹಾವು, ಡ್ರ್ಯಾಗನ್ ಮುಂತಾದ ವೈರಿಗಳು. ಪ್ರತಿ ಸಲವೂ ನೆಲಮಾಳಿಗೆಯ ನಕ್ಷೆ ಹೊಸದು. ಸತ್ತರೆ ಸತ್ತಂತೆಯೇ, ಮತ್ತೆ ಮೊದಲಿಂದ. ಇನ್ನೊಂದು ನಿಯಮವೇ ಇಲ್ಲಿ ಮುಖ್ಯ: ಇದು ಸರದಿಯ ಆಟ. ಆಟಗಾರ ಕೀಲಿ ಒತ್ತುವವರೆಗೆ ಜಗತ್ತು ಅಲ್ಲಾಡುವುದಿಲ್ಲ. ಎದ್ದು ಹೋಗಿ ಕಾಫಿ ಕುಡಿದು ಬಂದರೂ ಹಾವು ಹೆಡೆ ಎತ್ತಿದಂತೆಯೇ ಕಾದಿರುತ್ತದೆ.

ಪರದೆಯ ಮೇಲಿನ ಅಳಿಲನ್ನು ಕೊಂದರೆ ಪಾಪವಿದೆಯೇ? ಹುಡುಗಾಟದ ಪ್ರಶ್ನೆಯಂತೆ ಕಂಡರೂ ಕನ್ನಡದಲ್ಲಿ ಇದಕ್ಕೆ ಎಂಟುನೂರು ವರ್ಷ ವಯಸ್ಸಾಗಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ನಿಂತಿರುವುದೇ ಇದರ ಮೇಲೆ. ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡ ರಾಜ ಯಶೋಧರ, ತಾಯಿ ಚಂದ್ರಮತಿಗೆ ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಕೊನೆಗೆ ರಾಜಿಯಾಗುವುದು ಹಿಟ್ಟಿನ ಕೋಳಿಯಲ್ಲಿ. ಆದರೆ ಆ ಕೋಳಿಯನ್ನು ಎಷ್ಟು ಚೆಂದಾಗಿ ಮಾಡಿದ್ದರೆಂದರೆ, ರೂಪಕ್ಕೆ ಮರುಳಾಗಿ ಬೆಂತರವೊಂದು ಅದರೊಳಗೆ ಹೊಕ್ಕಿತ್ತು. ಕತ್ತಿ ಬಿದ್ದೊಡನೆ ಹಿಟ್ಟು ಕೂಗಿತು.

ಗಿರೀಶ್ ಕಾರ್ನಾಡರು ಈ ಕಥೆಯನ್ನೇ ಹಿಡಿದು ಬರೆದ ‘ಹಿಟ್ಟಿನ ಹುಂಜ’ವೂ ‘ರೋಗ್’ ಹುಟ್ಟಿದ 1980ರದ್ದೇ. ಕಾಕತಾಳೀಯ, ಅಷ್ಟೇ.

ಜೈನರು ಹಿಂಸೆಯಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಅಡುಗೆ, ಕಸ ಗುಡಿಸುವುದು ಮುಂತಾದ ಮನೆವಾರ್ತೆಯಲ್ಲಿ ಆಗುವುದು ಆರಂಭಿ; ಹೊಲ, ವ್ಯಾಪಾರದಂಥ ಕಸುಬಿನಲ್ಲಿ ಆಗುವುದು ಉದ್ಯೋಗಿ; ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧಿ. ಈ ಮೂರೂ ಗೃಹಸ್ಥನಿಗೆ ಪೂರ್ತಿ ತಪ್ಪುವಂಥವಲ್ಲ. ನಾಲ್ಕನೆಯದು ಸಂಕಲ್ಪಿ, ಕೊಲ್ಲಬೇಕೆಂದೇ ಕೊಲ್ಲುವುದು. ಅದಕ್ಕೆ ಮಾತ್ರ ರಿಯಾಯಿತಿ ಇಲ್ಲ. ಯಶೋಧರನ ಕತ್ತಿಗೆ ಜೀವ ಸಿಗಲಿಲ್ಲ, ಆದರೆ ಸಂಕಲ್ಪ ಇಡಿಯಾಗಿತ್ತು. ಈ ಕಣ್ಣಿನಿಂದ ನೋಡಿದರೆ ಗುಂಡು ಹಾರಿಸುವ ಓಟದ ಆಟಗಳಿಗಿಂತ ಸರದಿಯ ಆಟವೇ ಹೆಚ್ಚು ಇಕ್ಕಟ್ಟಿನದು. ಅಲ್ಲಿ ‘ಕೈ ತಪ್ಪಿತು’ ಎನ್ನಬಹುದು. ಇಲ್ಲಿ ಗಡಿಯಾರವೇ ನಿಂತಿರುವಾಗ ಅದನ್ನು ಯಾರು ನಂಬುತ್ತಾರೆ? ಇಲ್ಲಿ ಬೀಳುವ ಪ್ರತಿ ಏಟೂ ಯೋಚಿಸಿಯೇ ಕೊಟ್ಟದ್ದು.

ಹಾಗಾದರೆ ಹುಲಿ-ಕುರಿ ಆಟದ ಗತಿ? ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಹಳೆಯ ಆಟಗಳ ಮನೆಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ಹುಲಿ-ಕುರಿಯೂ ಸರದಿಯದೇ, ಅಲ್ಲೂ ಒಬ್ಬ ಹುಲಿಯಾಗಿ ಎದುರಿನವನ ಕುರಿಗಳನ್ನು ತಿನ್ನುತ್ತಾನೆ. ಯಾವ ಅಜ್ಜಿಯೂ ಹುಣಸೆ ಬೀಜ ಎತ್ತಿಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡವಳಲ್ಲ. ಬೀಜಕ್ಕೆ ಮುಖವಿರಲಿಲ್ಲ ಎಂಬುದು ಒಂದು ಕಾರಣವಿರಬಹುದು. ಬೆಂತರಕ್ಕೂ ಒಳಹೊಗಲು ಒಂದು ರೂಪ ಬೇಕು.

ಈಚಿನ ಆಟಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಾಣಿಯನ್ನೇ ಪಾತಕಿಯಾಗಿಸಿವೆ. ಮೆಲ್ಬರ್ನ್‌ನ ಪುಟ್ಟ ತಂಡ ಮ್ಯಾಸಿವ್ ಮಾನ್‌ಸ್ಟರ್ 2022ರಲ್ಲಿ ತಂದ ‘ಕಲ್ಟ್ ಆಫ್ ದಿ ಲ್ಯಾಂಬ್’ನಲ್ಲಿ ನಾಯಕ ಒಂದು ಕುರಿಮರಿ. ಬಲಿಗೆಂದು ತಂದ ಮರಿಯನ್ನು ಸಂಕೋಲೆಯಲ್ಲಿರುವ ದೇವನೊಬ್ಬ ಬದುಕಿಸುತ್ತಾನೆ. ಋಣ ತೀರಿಸಲು ಅದು ಅವನ ಹೆಸರಲ್ಲಿ ಪಂಥ ಕಟ್ಟಬೇಕು. ಆಟಗಾರ ಮನಸ್ಸು ಮಾಡಿದರೆ ತನ್ನ ಭಕ್ತರನ್ನೇ ಬಲಿ ಕೊಡಬಹುದು. ಕಾಳಗ ಮಾತ್ರ ಸರದಿಯದಲ್ಲ. ಕ್ರೈಸ್ತರು ಯೇಸುವನ್ನು ದೇವರ ಕುರಿಮರಿ ಎನ್ನುತ್ತಾರೆಂಬುದು ಗೊತ್ತಿದ್ದವರಿಗೆ ಈ ತಲೆಕೆಳಗು ಇನ್ನಷ್ಟು ಚುಚ್ಚುತ್ತದೆ.

ಪ್ರಾಣಿ ಪಾಪ ಮಾಡಬಲ್ಲದೇ? ವೈದಿಕ ಪರಂಪರೆಯ ಸಾಮಾನ್ಯ ಉತ್ತರ ಇಲ್ಲ ಎಂದು. ಪಶುಜನ್ಮ ಭೋಗಯೋನಿ, ಹಳೆಯ ಕರ್ಮ ಉಣ್ಣುವುದಷ್ಟೇ ಅದರ ಪಾಲು. ಬುದ್ಧಿಯಿಲ್ಲದ ಪ್ರಾಣಿಯ ಮೇಲೆ ದೋಷ ಹೊರಿಸಲಾಗದೆಂದು ಯುರೋಪಿನಲ್ಲಿ ಥಾಮಸ್ ಅಕ್ವಿನಾಸನೂ ವಾದಿಸಿದ್ದ. ಆದರೂ 1386ರಲ್ಲಿ ಫ್ರಾನ್ಸಿನ ಫಲೇಸ್ ಊರಿನಲ್ಲಿ ಮಗುವನ್ನು ಕೊಂದ ಹೆಣ್ಣು ಹಂದಿಯನ್ನು ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. ಜೈನರ ದಾರಿ ಬೇರೆ. ಅವರಲ್ಲಿ ಪ್ರಾಣಿಯೂ ಕರ್ಮ ಕಟ್ಟಿಕೊಳ್ಳುತ್ತದೆ, ಕಳಚಿಕೊಳ್ಳುತ್ತದೆ. ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದ ಮಹಾವೀರನ ಜೀವ ಮುನಿಗಳ ಮಾತು ಕೇಳಿ ಬೇಟೆ ಬಿಟ್ಟಿತೆಂಬುದು ಅವರ ನಂಬಿಕೆ. ಹಾಗೆ ನೋಡಿದರೆ ದುಷ್ಟ ಕುರಿಮರಿ ಅಸಂಭವವೇನೂ ಅಲ್ಲ, ಅದಕ್ಕೊಬ್ಬ ಮುನಿ ಸಿಕ್ಕಿಲ್ಲ ಅಷ್ಟೇ.

ಆಟದಲ್ಲೂ ಪಾಪವಿದೆ ಎಂಬುದಕ್ಕೆ ಎದುರುವಾದ ಬೇಕಾದರೆ ಕರಾವಳಿಯ ಯಕ್ಷಗಾನದ ಬಯಲಿಗೆ ಹೋಗಬೇಕು. ದೇವಿಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಜನರ ನಡುವಿನಿಂದಲೇ ಬೆಂಕಿ ಬೆಳಕಲ್ಲಿ ಅಬ್ಬರಿಸಿ ಬರುತ್ತಾನೆ. ನಿದ್ದೆಗೆಟ್ಟವರು ಕಾದಿರುವುದೇ ಆ ಕೋಣನಿಗೆ. ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡ ಕಲಾವಿದನನ್ನು ಯಾರೂ ಪಾಪಿ ಎನ್ನುವುದಿಲ್ಲ. ಸರಿಯೇ. ಆದರೆ ಮಹಿಷ ಸಾಯುವುದು ಪ್ರಸಂಗದಲ್ಲೇ ಬರೆದಿದೆ, ವೇಷಧಾರಿಗೆ ಅಲ್ಲಿ ಆಯ್ಕೆಯಿಲ್ಲ. ಆಟಗಾರನಿಗಿದೆ. ಆ ಹೋಲಿಕೆ ಅರ್ಧ ದಾರಿಗೇ ಕುಂಟುತ್ತದೆ.

ಆಯ್ಕೆಗೆ ಲೆಕ್ಕ ಇಡುವ ಆಟವೂ ಇದೆ. 1987ರಲ್ಲಿ ಹುಟ್ಟಿದ ‘ನೆಟ್‌ಹ್ಯಾಕ್’ ಯಾರನ್ನೂ ಕೊಲ್ಲದೆ, ಮಾಂಸ ಮುಟ್ಟದೆ, ದೇವರನ್ನು ಕರೆಯದೆ ಆಡಿದವರ ವ್ರತಗಳನ್ನು ಗುರುತು ಹಾಕಿಕೊಳ್ಳುತ್ತದೆ. ಮೊದಲಿಂದ ಜೊತೆಗಿದ್ದ ಸಾಕುನಾಯಿಯನ್ನು ಕೈಯಾರೆ ಕೊಂದವನನ್ನು ಕೊಲೆಗಡುಕ ಎಂದು ಕರೆದು, ಅದೃಷ್ಟದಲ್ಲಿ 5 ಅಂಕ ಕಳೆಯುತ್ತದೆ. ಅದೃಷ್ಟ ಕೆಟ್ಟಿರುವಷ್ಟು ಕಾಲ ಪ್ರಾರ್ಥನೆ ಫಲಿಸದು. ಕಳೆದದ್ದು ಸಾಮಾನ್ಯವಾಗಿ 600 ಸರದಿಗೆ ಒಂದರಂತೆ ತುಂಬಿಬರುತ್ತದೆ. ಕರ್ಮ ಉದುರುವುದನ್ನು ನಿರ್ಜರೆ ಎನ್ನುವ ಜೈನರು ಈ 3,000 ಸರದಿಯ ಲೆಕ್ಕ ನೋಡಿ ತಲೆದೂಗಿಯಾರು. ತೀರಾ ಅಗ್ಗವಾಯಿತು ಎಂದರೂ ಎಂದಾರು.

ಯಶೋಧರನಿಗಂತೂ ಅಷ್ಟು ಅಗ್ಗದಲ್ಲಿ ಮುಗಿಯಲಿಲ್ಲ. ವಿಷವುಂಡು ಸತ್ತ ಅವನು ನವಿಲಾದ, ತಾಯಿ ನಾಯಾಗಿ ಬಂದು ಅವನನ್ನು ಕೊಂದಳು. ಮುಳ್ಳುಹಂದಿ, ಹಾವು, ಮೀನು, ಮೊಸಳೆ ಎಂದು ಭವಭವ ಅಲೆದರು. ಪ್ರತಿ ಸಲವೂ ಹೊಸ ಮೈ. ಕೊನೆಗೆ ಜೋಡಿ ಕೋಳಿಗಳಾಗಿ ಪಂಜರದಲ್ಲಿದ್ದಾಗ ಮುನಿಯ ಮಾತು ಕಿವಿಗೆ ಬಿತ್ತು, ಹಿಂದಿನ ಜನ್ಮಗಳೆಲ್ಲ ನೆನಪಾದವು. ಸಂತೋಷ ತಾಳಲಾರದೆ ಎರಡೂ ಕೂಗಿದವು. ಅಲ್ಲೇ ರಾಣಿಯೊಂದಿಗೆ ವಿಹಾರಕ್ಕೆ ಬಂದಿದ್ದ ರಾಜ ಯಶೋಮತಿ, ಯಶೋಧರನ ಸ್ವಂತ ಮಗ, ಸದ್ದು ಕೇಳಿಯೇ ಗುರಿ ಹೊಡೆಯುವ ತನ್ನ ಕೈಚಳಕವನ್ನು ಹೆಂಡತಿಗೆ ತೋರಿಸಲು ಬಾಣ ಬಿಟ್ಟ. ಅವನಿಗೆ ಅದು ಆಟ.