ಹಾಳುಕೋಟೆಯ ಹಾದಿ

ಒಂದು ವಸ್ತುವನ್ನು 'ಇದು ಎಲ್ಲರದು' ಎಂದು ಸಾರುವುದು ಸುಲಭ. ಕಾಯಿದೆಯಲ್ಲಿ ಒಂದು ವಾಕ್ಯವನ್ನು ಬರೆದು, ಬಾಗಿಲಲ್ಲಿ ಒಂದು ಹಲಗೆಯನ್ನು ತೂಗಹಾಕಿದರೆ ಆಯಿತು. ಆದರೆ ಎಲ್ಲರದೆಂದು ಸಾರಿದ ವಸ್ತುವಿನ ಬಳಿಗೆ ಎಲ್ಲರೂ ಹೋಗಲಾರದಿದ್ದರೆ ಆ ಮಾತು ಸತ್ಯವಾದೀತೆ? ಬಾಗಿಲನ್ನು ತೆರೆದಿಟ್ಟವನ ಕರ್ತವ್ಯವು ಬಾಗಿಲಲ್ಲಿಯೇ ಮುಗಿಯುವುದೋ, ಅಥವಾ ಬಾಗಿಲವರೆಗಿನ ದಾರಿಯೂ ಆ ಕರ್ತವ್ಯದಲ್ಲಿ ಸೇರುವುದೋ? ಇದು ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆ. ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ದೃಷ್ಟಾಂತವನ್ನು ಹಿಡಿದು ವಿಚಾರಿಸುವುದು ಲೇಸು. ಇಂಗ್ಲೆಂಡಿನ ಪ್ರಾಚೀನ ಸ್ಥಳಗಳನ್ನೂ ಹಾಳುಬಿದ್ದ ಕೋಟೆಗಳನ್ನೂ ಸ್ವಂತ ಮೋಟಾರಿಲ್ಲದೆ, ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಹೋಗಿ ನೋಡತಕ್ಕವನ ಸ್ಥಿತಿಯನ್ನೇ ಇಲ್ಲಿ ದೃಷ್ಟಾಂತವಾಗಿ ತೆಗೆದುಕೊಂಡಿದ್ದೇನೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿ ನೆಲಸಿರುವುದರಿಂದ ಹಿರಿಯರು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದು ವಾಡಿಕೆಯಾಗಿದೆ. ನಾನೂ ಅಂಥವರಲ್ಲಿ ಒಬ್ಬನು. ಮಗಳೂ ಅಳಿಯನೂ ಕೆಲಸಕ್ಕೆ ಹೋದ ದಿನಗಳಲ್ಲಿ ರೈಲೂ ಬಸ್ಸೂ ನನಗೆ ಗತಿಯಾಗಿದ್ದುವು.

ಮೊದಲು ಈ ಅವಶೇಷಗಳು ಎಲ್ಲರದಾದ ಬಗೆಯನ್ನು ನೋಡೋಣ. ಹಿಂದೆ ಅಲ್ಲಿ ನೆಲದ ಒಡೆಯನೇ ನೆಲದ ಮೇಲಿನ ಕಲ್ಲಿಗೂ ಒಡೆಯನಾಗಿದ್ದನು. ಸಾವಿರಾರು ವರ್ಷಗಳಿಂದ ನಿಂತಿದ್ದ ಶಿಲೆಯನ್ನು ಅವನು ಒಡೆದು ಮನೆಯ ಗೋಡೆಗೆ ಹಾಕಿದರೂ ಕೇಳುವವರಿರಲಿಲ್ಲ. 1882ರಲ್ಲಿ ಸರ್ ಜಾನ್ ಲಬಕ್ ಎಂಬ ವಿದ್ವಾಂಸರ ಪ್ರಯತ್ನದ ಫಲವಾಗಿ ಪಾರ್ಲಿಮೆಂಟು ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಮೊದಲನೆಯ ಕಾಯಿದೆಯನ್ನು ಮಾಡಿತು. ಆದರೆ ಅದು ಒಡೆಯನ ಒಪ್ಪಿಗೆಯನ್ನೇ ನೆಚ್ಚಿದ ಕಾಯಿದೆಯಾದ್ದರಿಂದ ದುರ್ಬಲವಾಗಿತ್ತು. 1911ರಲ್ಲಿ ಲಿಂಕನ್‌ಷೈರಿನ ಟ್ಯಾಟರ್‌ಷಲ್ ಎಂಬ ಇಟ್ಟಿಗೆಯ ಕೋಟೆಯು ಮಾರಾಟಕ್ಕೆ ಸಿಕ್ಕಿ, ಅದರೊಳಗೆ ಚಳಿ ಕಾಯಿಸುವ ಒಲೆಗಳಿಗೆ ಕಟ್ಟಿದ್ದ ಕೆತ್ತನೆಯ ಕಲ್ಲುಗಳನ್ನು ಕಳಚಿ ಸಾಗಿಸಿಬಿಟ್ಟಿದ್ದರು. ಆಗ ಅದನ್ನು ಕೊಂಡು ಉಳಿಸಿದವರು ಲಾರ್ಡ್ ಕರ್ಜನ್ನರು. ಹಿಂದೂದೇಶದಲ್ಲಿ ವೈಸರಾಯಿಗಳಾಗಿದ್ದು, 1904ರಲ್ಲಿ ಇಲ್ಲಿಯ ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆಯ ಕಾಯಿದೆಯನ್ನು ಮಾಡಿಸಿದವರೂ ಅವರೇ. ಅವರ ರಾಜಕಾರ್ಯಗಳನ್ನು ನಾವು ಎಷ್ಟಾದರೂ ದೂಷಿಸಬಹುದು. ಈ ಒಂದು ಪುಣ್ಯವನ್ನು ಅವರ ಲೆಕ್ಕದಿಂದ ಕಳೆಯುವುದು ನ್ಯಾಯವಲ್ಲ. ಕಳಚಿಹೋದ ಕಲ್ಲುಗಳನ್ನು ಹುಡುಕಿಸಿ ತರಿಸಿ, ಕೋಟೆಯ ಜೀರ್ಣೋದ್ಧಾರವನ್ನು ಮಾಡಿಸಿ, ತಾವು ತೀರಿಕೊಂಡ 1925ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರುವಂತೆ ಉಯಿಲು ಬರೆದಿದ್ದರು. ಟ್ಯಾಟರ್‌ಷಲ್ಲಿನ ಗಲಭೆಯಾದ ಮೇಲೆಯೇ 1913ರಲ್ಲಿ ಇಂಗ್ಲೆಂಡಿಗೆ ಬಲವುಳ್ಳ ಕಾಯಿದೆ ಬಂದಿತು.

ಸಾಲ್ಸ್‌ಬರಿ ಬಯಲಿನ ಸ್ಟೋನ್‌ಹೆಂಜ್ ಎಂಬ ಮಹಾಶಿಲಾವಲಯದ ಕಥೆಯೂ ಇಂತಹುದೇ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಆರಂಭವಾದ ಆ ನಿರ್ಮಾಣವು 1915ರಲ್ಲಿ ಹರಾಜಿಗೆ ಬಂದಿತು. ಸೆಸಿಲ್ ಚಬ್ ಎಂಬವರು 6,600 ಪೌಂಡಿಗೆ ಕೂಗಿ ಕೊಂಡರು. 1918ರಲ್ಲಿ ಅದನ್ನು ರಾಷ್ಟ್ರಕ್ಕೆ ದಾನವಾಗಿ ಕೊಟ್ಟರು. ಜನರಿಗೆ ಪ್ರವೇಶವಿರಬೇಕು, ಒಂದು ಸಲದ ಪ್ರವೇಶಕ್ಕೆ ಒಂದು ಷಿಲಿಂಗಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬುದು ದಾನಪತ್ರದ ನಿಬಂಧನೆಗಳಲ್ಲಿ ಒಂದು. ಆ ಷಿಲಿಂಗು ಹೋಗಿ ಬಹುಕಾಲವಾಯಿತು, ಇಂದಿನ ಟಿಕೀಟು ಅದರ ಅನೇಕ ಪಟ್ಟಾಗಿದೆ. ಆದರೂ ದಾತೃವಿನ ಅಭಿಪ್ರಾಯವು ಸ್ಪಷ್ಟವಾಗಿಯೇ ಇದೆ: ಬಡವನೂ ಇದನ್ನು ನೋಡಬೇಕು. ಈಗ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆಯ ಪಾಲನೆಯಲ್ಲಿ ಇಂಥ ನಾನೂರಕ್ಕೂ ಹೆಚ್ಚು ಸ್ಥಳಗಳಿದ್ದು, ಅರ್ಧಕ್ಕಿಂತ ಹೆಚ್ಚಿನವಕ್ಕೆ ಪ್ರವೇಶಧನವೇ ಇಲ್ಲ. ಬಾಗಿಲೇನೋ ತೆರೆದಿದೆ.

ಪ್ರಕೃತ ವಿಚಾರಕ್ಕೆ ನಮ್ಮ ಮೀಮಾಂಸಕರ ಒಂದು ವಿವೇಚನೆಯು ಉಪಕಾರಿಯಾಗಿದೆ. ಕರ್ಮದಲ್ಲಿ ಯಾರಿಗೆ ಅಧಿಕಾರವೆಂಬುದನ್ನು ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಚಾರಿಸಿದ್ದಾರೆ. ಅಧಿಕಾರಕ್ಕೆ ನಿಷೇಧವಿಲ್ಲದಿರುವುದೊಂದೇ ಸಾಲದು. ಅರ್ಥಿತ್ವವೂ, ಎಂದರೆ ಬಯಕೆಯೂ, ಸಾಮರ್ಥ್ಯವೂ ಬೇಕು. ಹಾಗಾದರೆ ದ್ರವ್ಯವಿಲ್ಲದವನಿಗೆ ಅಧಿಕಾರವುಂಟೇ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ. ಇಲ್ಲವೆಂಬುದು ಪೂರ್ವಪಕ್ಷ, ಉಂಟೆಂಬುದು ಸಿದ್ಧಾಂತ. ಏಕೆಂದರೆ ದಾರಿದ್ರ್ಯವು ಸ್ಥಿರವಾದುದಲ್ಲ, ದ್ರವ್ಯವು ಸಂಪಾದನೆಯಿಂದ ಬರತಕ್ಕದ್ದು. ತುಂಬಬಹುದಾದ ಕೊರತೆಯು ಅಧಿಕಾರವನ್ನು ಅಳಿಸಲಾರದು. ಈ ಮಾತನ್ನು ನಮ್ಮ ದೃಷ್ಟಾಂತಕ್ಕೆ ಹಚ್ಚಿ ನೋಡಿರಿ. 1882ರ, 1913ರ ಕಾಯಿದೆಗಳೂ 1918ರ ದಾನಪತ್ರವೂ ನಿಷೇಧವನ್ನು ತೆಗೆದುವು. ಬಯಕೆಯು ಜನರಲ್ಲಿದೆ. ಉಳಿದದ್ದು ಸಾಮರ್ಥ್ಯ. ಯಜ್ಞದ ದ್ರವ್ಯವನ್ನಾದರೋ ಕರ್ತೃವೇ ದುಡಿದು ತರಬಹುದು. ಬಸ್ಸಿನ ದಾರಿಯನ್ನು ಒಬ್ಬ ಮನುಷ್ಯನು ದುಡಿದು ತರಲಾರ. ಅದು ಸಮಾಜವೇ ತುಂಬಬೇಕಾದ ಕೊರತೆ. ತುಂಬದಿದ್ದರೆ, ಕೊಟ್ಟ ಅಧಿಕಾರವು ಮೋಟಾರುಳ್ಳವನ ಪಾಲಿಗೆ ಮಾತ್ರ ನಿಜವಾಗುತ್ತದೆ.

ಆ ಕೊರತೆಯು ತುಂಬಿರುವ ಸ್ಥಳಗಳಿಗೆ ಹೋಗಿ ನಿಂತರೆ ಈ ಮಾತಿನ ಅರ್ಥ ತಿಳಿಯುತ್ತದೆ. ದಕ್ಷಿಣ ತೀರದ ಪೆವೆನ್ಸಿಯಲ್ಲಿ ರೈಲಿನಿಂದ ಇಳಿದು ಕೆಲವು ನಿಮಿಷ ನಡೆದರೆ ಕ್ರಿ. ಶ. ಮೂರನೆಯ ಶತಮಾನದ ಕೊನೆಯಲ್ಲಿ ರೋಮನರು ಕಟ್ಟಿದ ಗೋಡೆಯು ಎದುರಾಗುತ್ತದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಸೇನೆಯೊಡನೆ ಇಳಿದದ್ದು ಅಲ್ಲಿಯೇ. ರೋಮನರ ಗೋಡೆಯೊಳಗೆ ನಾರ್ಮನರ ಕೋಟೆಯು ಎದ್ದಿತು. 1940ರಲ್ಲಿ ಜರ್ಮನರು ಬಂದಾರೆಂಬ ಭಯದಿಂದ ಅದೇ ಹಳೆಯ ಕಲ್ಲುಗಳ ನಡುವೆ ಬಂದೂಕಿನ ಗೂಡುಗಳನ್ನು ಮರೆಮಾಡಿ ಕಟ್ಟಿದರು. ಸಾವಿರದ ಆರುನೂರು ವರ್ಷಗಳ ಅಂತರದಲ್ಲಿ ಒಂದೇ ಭಯವು ಒಂದೇ ಗೋಡೆಯನ್ನು ಆಶ್ರಯಿಸಿದೆ. ಹೊರಗೋಡೆಯ ಆವರಣದಲ್ಲಿ ಓಡಾಡಲು ಕಾಸು ಬೇಕಿಲ್ಲ. ಉತ್ತರದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಗೋಡೆಯು ಕಡಲಿನಿಂದ ಕಡಲಿನವರೆಗೆ 73 ಮೈಲಿ ಹಬ್ಬಿದೆ. ಅದರ ಕೆಲಸ ಮೊದಲಾದದ್ದು ಕ್ರಿ. ಶ. 122ರಲ್ಲಿ, ಆ ಗೋಡೆಯ ಬಳಿಗೆ ಪ್ರಯಾಣಿಕರನ್ನು ಒಯ್ಯುವ ಬಸ್ಸಿಗೆ 'ಎ.ಡಿ. 122' ಎಂದೇ ಸಂಖ್ಯೆಯನ್ನು ಕೊಟ್ಟಿದ್ದಾರೆ. ಆ ದಾರಿಯಲ್ಲಿರುವ ವಿಂಡೊಲಾಂಡದ ಮಣ್ಣಿನಲ್ಲಿ, 1973ರಿಂದ ಮೊದಲುಗೊಂಡು, ಮಸಿಯಿಂದ ಬರೆದ ತೆಳುವಾದ ಮರದ ಹಲಗೆಗಳು ದೊರೆತಿವೆ. ಸುಮಾರು ಕ್ರಿ. ಶ. 100ರಲ್ಲಿ ಕ್ಲಾಡಿಯ ಸೆವೆರ ಎಂಬ ಗೃಹಿಣಿಯು ತನ್ನ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದು ಬರೆದ ಓಲೆಯು ಅವುಗಳಲ್ಲೊಂದು. ಗಡಿಯ ಚಳಿಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳನ್ನು 'ಬಾ' ಎಂದು ಕರೆದ ನೆಲವನ್ನು ನೋಡುವ ಯೋಗವು ಬಡ ಅಧ್ಯಾಪಕನಿಗೂ ಇರಬೇಕಲ್ಲವೆ?

ಇನ್ನು ಕೊರತೆಯುಳಿದ ಕಡೆಯನ್ನು ನೋಡೋಣ. 1963ರಲ್ಲಿ ಡಾಕ್ಟರ್ ಬೀಚಿಂಗ್ ಎಂಬವರು ರೈಲ್ವೆಯ ನಷ್ಟವನ್ನು ತಗ್ಗಿಸಲು ಒಂದು ವರದಿಯನ್ನು ಕೊಟ್ಟು 2,363 ಸ್ಟೇಷನ್ನುಗಳನ್ನು ಮುಚ್ಚಬೇಕೆಂದರು. ಕರ್ಜನ್ನರು ಉಳಿಸಿದ ಟ್ಯಾಟರ್‌ಷಲ್ಲಿನ ಸ್ಟೇಷನ್ನು ಆ ವರ್ಷವೇ ಮುಚ್ಚಿತು. ಕೋಟೆ ಉಳಿಯಿತು, ರೈಲಿನ ದಾರಿ ಹೋಯಿತು. ಡಾರ್ಸೆಟ್ಟಿನ ಕಾರ್ಫ್ ಕೋಟೆಯನ್ನು 1646ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಂತೆ ಮದ್ದಿಟ್ಟು ಕೆಡವಿದರು. ವಾಲಿನಿಂತ ಅದರ ಬುರುಜುಗಳನ್ನು ನೋಡಲು ಜನರನ್ನು ಕರೆತರುತ್ತಿದ್ದ ರೈಲುದಾರಿಯನ್ನು 1972ರಲ್ಲಿ ಮುಚ್ಚಿ ಹಳಿಗಳನ್ನೂ ಕಿತ್ತರು. ಆ ಪ್ರಾಂತದವರು ಸ್ವಯಂಸೇವಕರಾಗಿ ವರ್ಷಾನುಗಟ್ಟಲೆ ದುಡಿದು ಹಳಿಗಳನ್ನು ಮತ್ತೆ ಹಾಸಿ, 1995ರಲ್ಲಿ ಸ್ವಾನೇಜಿನಿಂದ ಕಾರ್ಫಿಗೆ ರೈಲನ್ನು ತಂದರು. ಬಸ್ಸುಗಳ ಪಾಡೂ ಬದಲಾಗಿದೆ. 1985ರ ಕಾಯಿದೆಯಂತೆ, 1986ರ ಅಕ್ಟೋಬರಿನಿಂದ, ಲಂಡನ್ನಿನ ಹೊರಗೆ ಬಸ್ಸನ್ನೋಡಿಸುವುದು ಬಹುಮಟ್ಟಿಗೆ ಕಂಪೆನಿಗಳ ಲಾಭನಷ್ಟದ ಮಾತಾಯಿತು. ಲಾಭವಿಲ್ಲದ ದಾರಿಯಲ್ಲಿ ಬಸ್ಸು ಬೇಕೆಂದರೆ ಸ್ಥಳೀಯ ಸಭೆಯು ಹಣ ತುಂಬಬೇಕು. ಕೈಬಿಗಿಯಾದಾಗ ಮೊದಲು ನಿಲ್ಲುವುದು ಹಳ್ಳಿಯ ಬಸ್ಸು. ಎಷ್ಟೋ ಹಳ್ಳಿಗಳಿಗೆ ಭಾನುವಾರ ಬಸ್ಸೇ ಇಲ್ಲ. ದುಡಿಯುವವನಿಗೆ ಬಿಡುವಿರುವುದು ಆ ದಿನವೇ. 2008ರಿಂದ ಆ ದೇಶದ ವೃದ್ಧರಿಗೆ ಇಂಗ್ಲೆಂಡಿನಲ್ಲೆಲ್ಲಾ ಗೊತ್ತಾದ ವೇಳೆಯಲ್ಲಿ ಸ್ಥಳೀಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಚೀಟಿಯನ್ನು ಕೊಟ್ಟಿದ್ದಾರೆ. ಉಳಿದವರ ದರಕ್ಕೆ 2023ರ ಜನವರಿಯಲ್ಲಿ ಎರಡು ಪೌಂಡಿನ ಮಿತಿಯನ್ನಿಟ್ಟು, 2025ರ ಜನವರಿಯಲ್ಲಿ ಅದನ್ನು ಮೂರು ಪೌಂಡಿಗೆ ಏರಿಸಿದರು. ಇವು ಒಳ್ಳೆಯ ಕೆಲಸಗಳೇ. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತದ ಚೀಟಿಯನ್ನು ಹಿಡಿದು ನಿಂತ ಮುದುಕನ ಪಾಡು, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯಂತೆಯೇ ಸರಿ.

ಇಲ್ಲಿ ಆಕ್ಷೇಪಗಳು ಮೂರು. ಮೊದಲನೆಯದು: ನೋಡಬೇಕೆಂಬ ಬಯಕೆಯು ಯಾರದೋ ವೆಚ್ಚವನ್ನೂ ಅವನೇ ಕೊಡಲಿ, ಕೋಟೆಯ ಗೊಡವೆಯೇ ಇಲ್ಲದ ರೈತನು ತೆರಿಗೆಯ ಮೂಲಕ ಅನ್ಯರ ವಿನೋದಕ್ಕೆ ಏಕೆ ದುಡ್ಡು ತೆರಬೇಕು? ಈ ಮಾತಿನಲ್ಲಿ ಬಲವಿದೆ, ತಳ್ಳಿಹಾಕತಕ್ಕದ್ದಲ್ಲ. ಆದರೆ ಹಳ್ಳಿಯ ಬಸ್ಸಿನಲ್ಲಿ ಕುಳಿತು ನೋಡಿದವರಿಗೆ ಇದರ ಉತ್ತರವು ಕಣ್ಣೆದುರಿಗೇ ಇರುತ್ತದೆ. ಸಂತೆಯ ಚೀಲವನ್ನು ಹಿಡಿದ ಮುದುಕಿ, ಶಾಲೆಯ ಹುಡುಗರು, ಆಸ್ಪತ್ರೆಗೆ ಹೋಗುವ ರೋಗಿ, ಇವರ ನಡುವೆ ಕೋಟೆಯನ್ನು ನೋಡಹೊರಟವನು ಒಬ್ಬನೋ ಇಬ್ಬರೋ. ಬಸ್ಸು ಇರುವುದು ಮೊದಲು ಆ ಊರಿನವರಿಗಾಗಿ. ನೋಡಬಂದವನ ಮೂರು ಪೌಂಡು ಆ ಮುದುಕಿಯ ಬಸ್ಸನ್ನು ಉಳಿಸಲು ಸಹಾಯವಾಗುತ್ತದೆ. ಆ ಮುದುಕಿಯ ಊರು ಇವನಿಗೆ ದಾರಿಯನ್ನು ಕೊಡುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಆದರೂ ಒಬ್ಬರ ಋಣದಲ್ಲಿ ಒಬ್ಬರು ಇದ್ದಾರೆ. ಇದನ್ನು ವಿನೋದದ ವೆಚ್ಚವೆಂದು ಬರೆಯುವ ಲೆಕ್ಕಿಗನು ಲೆಕ್ಕದ ಅರ್ಧವನ್ನು ಮಾತ್ರ ಬರೆದಿದ್ದಾನೆ.

ಎರಡನೆಯ ಆಕ್ಷೇಪ: ದಾರಿ ಸುಲಭವಾದರೆ ಜಾತ್ರೆಯಾಗುತ್ತದೆ, ಹಾಳುಕೋಟೆಯ ಗಾಂಭೀರ್ಯವು ಏಕಾಂತದಲ್ಲಿದೆ. ರೈಲೇ ಕೋಟೆಗೆ ಶತ್ರುವಾದದ್ದೂ ಉಂಟು. ಬೆರಿಕ್ ಊರಿನಲ್ಲಿ 1292ರಲ್ಲಿ ಒಂದನೆಯ ಎಡ್ವರ್ಡನು ಸ್ಕಾಟ್ಲೆಂಡಿನ ಸಿಂಹಾಸನವು ಯಾರಿಗೆಂದು ತೀರ್ಪು ಕೊಟ್ಟ ಸಭಾಮಂದಿರದ ನೆಲೆಯಲ್ಲಿ ಈಗ ರೈಲ್ವೆ ಸ್ಟೇಷನ್ನು ನಿಂತಿದೆ. ಅದಕ್ಕಾಗಿ ಕೋಟೆಯನ್ನು ಬಹುಮಟ್ಟಿಗೆ ಕೆಡವಿದರು. ಇದನ್ನು ಒಪ್ಪಲೇಬೇಕು. ಆದರೆ ಇಂದು ಏಕಾಂತವನ್ನು ಕೆಡಿಸುತ್ತಿರುವುದು ಯಾವುದು? ಸ್ಟೋನ್‌ಹೆಂಜಿನ ಮಗ್ಗುಲಲ್ಲೇ ಹಾಯುತ್ತಿದ್ದ ಒಂದು ಮೋಟಾರುರಸ್ತೆಯನ್ನು 2013ರಲ್ಲಿ ಮುಚ್ಚಿ ಹುಲ್ಲು ಬೆಳೆಸಿದರು. ಮೋಟಾರುಗಳನ್ನು ಒಂದೂವರೆ ಮೈಲಿಯಾಚೆ ನಿಲ್ಲಿಸಿ, ಅಲ್ಲಿಂದ ಎಲ್ಲರನ್ನೂ ನಡೆದೋ ಬಸ್ಸಿನಲ್ಲಿಯೋ ಬರುವಂತೆ ಮಾಡಿದರು. ಇನ್ನೊಂದು ಹೆದ್ದಾರಿಯು ಇಂದಿಗೂ ಸನಿಹದಲ್ಲೇ ಇದ್ದು, ಕಲ್ಲುಗಳ ಬಳಿ ನಿಂತವನಿಗೆ ಅದರ ಸಾಲು ಸಾಲು ವಾಹನಗಳು ಕಾಣುತ್ತಿರುತ್ತವೆ. ನಲವತ್ತು ಜನರನ್ನು ಇಳಿಸಿ ಹೊರಟುಹೋಗುವ ಒಂದು ಬಸ್ಸು ನೆಲವನ್ನು ಆಕ್ರಮಿಸುವುದಿಲ್ಲ. ನಲವತ್ತು ಜನರ ಮೋಟಾರುಗಳು ನಿಲ್ಲಲು ಒಂದು ಹೊಲವೇ ಬೇಕು.

ಮೂರನೆಯದು: ಚಿತ್ರಗಳೂ ಚಲಚ್ಚಿತ್ರಗಳೂ ಕೈಯಲ್ಲೇ ಇರುವಾಗ ಹೋಗಿ ನೋಡುವುದೇತಕ್ಕೆ? ಇದಕ್ಕೆ ಉತ್ತರವನ್ನು ನಮ್ಮ ಯಾತ್ರಿಕರು ಬಲ್ಲರು. ದೇವರ ಪಟವು ಮನೆಯಲ್ಲಿದ್ದರೂ ಅವರು ಕ್ಷೇತ್ರಕ್ಕೆ ಹೋಗುತ್ತಿದ್ದರು. ದಾರಿಯ ಕಾಯುವಿಕೆ, ಅಪರಿಚಿತರ ಸಂಗ, ಕಾಲಿನ ನೋವು, ಇವೂ ದರ್ಶನದ ಅಂಗಗಳೆಂದು ಅವರು ತಿಳಿದಿದ್ದರು. ಬಸ್ಸಿನ ಪ್ರಯಾಣಿಕನಿಗೂ ಇಂಥದೊಂದು ನಿಯಮವು ತಾನಾಗಿ ಒದಗುತ್ತದೆ. ಮರಳುವ ಬಸ್ಸಿಗೆ ಎರಡು ಗಂಟೆಯಿದ್ದರೆ ಅವನು ಎರಡು ಗಂಟೆ ಅಲ್ಲಿರಲೇಬೇಕು. ಮೊದಲರ್ಧ ಗಂಟೆಯಲ್ಲಿ ನೋಡಬೇಕಾದುದೆಲ್ಲ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಕೋಟೆಯು ತಾನಾಗಿ ಕಾಣಲು ಮೊದಲಾಗುತ್ತದೆ. ಮೋಟಾರಿನವನಿಗೆ ಬೇಸರವಾದ ಕ್ಷಣದಲ್ಲಿ ಹೊರಡುವ ಸ್ವಾತಂತ್ರ್ಯವಿರುವುದರಿಂದ ಈ ಭಾಗ್ಯವು ಅವನಿಗೆ ಅಪರೂಪ.

ಸಾಲ್ಸ್‌ಬರಿ ಸ್ಟೇಷನ್ನಿನಿಂದ ಸ್ಟೋನ್‌ಹೆಂಜಿಗೆ ಹೋಗುವ ಬಸ್ಸು ಓಲ್ಡ್ ಸೇರಂ ಎಂಬ ದಿಬ್ಬದ ಬಳಿಯೂ ನಿಲ್ಲುತ್ತದೆ. ಅಲ್ಲಿ ಪ್ರಾಚೀನ ಮಣ್ಣಿನ ಕೋಟೆಯಿದೆ, ನಾರ್ಮನರ ದುರ್ಗದ ಪಾಯವಿದೆ, ಬಿಟ್ಟುಹೋದ ಚರ್ಚಿನ ಗುರುತಿದೆ. 1220ರಲ್ಲಿ ಹೊಸ ಚರ್ಚನ್ನು ಕೆಳಗಿನ ಬಯಲಲ್ಲಿ ಕಟ್ಟಲಾರಂಭಿಸಿದ ಮೇಲೆ ಊರೂ ಇಳಿದುಹೋಯಿತು. ಆದರೂ ಆ ಬರಿಯ ದಿಬ್ಬವು 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಕಲ್ಲಿಗೆ ಪ್ರಾತಿನಿಧ್ಯವಿದ್ದು ಮನುಷ್ಯರಿಗೆ ಇಲ್ಲದ ಆ ಅನ್ಯಾಯವನ್ನು ಆಂಗ್ಲರು ಸುಧಾರಿಸಿಕೊಂಡರು. ಕಲ್ಲಿಗೆ ಕಾಯಿದೆಯ ರಕ್ಷಣೆಯಿದ್ದು, ಅದನ್ನು ನೋಡಬಯಸುವ ಮನುಷ್ಯನಿಗೆ ದಾರಿಯಿಲ್ಲದಿರುವುದೂ ಅದೇ ಜಾತಿಯ ಅನ್ಯಾಯವೆಂದು ನನ್ನ ಮತ.

ಎಲ್ಲ ಗುಡ್ಡಗಳ ತುದಿಗೂ ಬಸ್ಸು ಹೋಗಬೇಕೆಂದು ಯಾರೂ ಹೇಳರು. ಕೆಲವು ಸ್ಥಳಗಳಿಗೆ ನಡೆದೇ ಹೋಗಬೇಕು. ನಡೆಯುವುದೇ ಅಲ್ಲಿಯ ಸೊಗಸು. ಹೇಳತಕ್ಕದ್ದು ಇಷ್ಟೆ: ಎಲ್ಲರದೆಂದು ಸಾರಿ ಬಾಗಿಲಲ್ಲಿ ಹಲಗೆಯನ್ನು ಹಾಕಿದ ರಾಷ್ಟ್ರವು, ವಾಹನವಿಲ್ಲದವನು ವಾರದಲ್ಲಿ ಒಂದು ದಿನವಾದರೂ, ಅದೂ ಅವನಿಗೆ ಬಿಡುವಿರುವ ದಿನ, ಆ ಬಾಗಿಲ ಹತ್ತಿರಕ್ಕೆ ಬರುವಂತೆ ಮಾಡಬೇಕು. ನೋಡಹೋಗುವವನಿಗೂ ಒಂದು ಕರ್ತವ್ಯವಿದೆ. ಮೋಟಾರಿದ್ದರೂ ಬಸ್ಸು ಇರುವ ಕಡೆಗೆ ಬಸ್ಸಿನಲ್ಲಿಯೇ ಹೋಗಬೇಕು. ಅವನ ಒಂದು ಟಿಕೀಟು ಅವನು ಕಾಣದ ಊರಿನವರೊಬ್ಬರ ಮುಂದಿನ ವರ್ಷದ ಬಸ್ಸಿಗೆ ಆಧಾರವಾಗಬಹುದು. ನಮ್ಮವರು ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋದಾಗ, 'ರಜೆಯ ದಿನ ನಾವೇ ಕರೆದುಕೊಂಡು ಹೋಗುತ್ತೇವೆ' ಎಂದು ಮಕ್ಕಳು ಹೇಳುವುದು ಸಹಜ. ಆ ದಿನಕ್ಕಾಗಿ ಕಾಯದೆ, ಬಸ್ಸಿನ ವೇಳಾಪಟ್ಟಿಯನ್ನು ಕೇಳಿ ತಿಳಿದುಕೊಂಡು, ಬುತ್ತಿಯನ್ನು ಕಟ್ಟಿಕೊಂಡು ಹೊರಡಿರಿ.